‘ಸುಮ್ನೆ ತಮಾಷೆಗೆ’ ಅಂದರೆ ದ್ವೇಷ ಅಲ್ವಾ?

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಬಾರ್ವೆಲ್ ಅಂತ ಒಂದು ಸಣ್ಣ ಊರಿದೆ. ಫಿಯೋನಾ ಪಿಲ್ಕಿಂಗ್ಟನ್ ಎಂಬ ತಾಯಿ ಅಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಬ್ಬರೇ ಸಂಸಾರ ಮಾಡುತ್ತಿದ್ದರು. ಮಗಳು ಫ್ರಾಂಕಿಗೆ ತೀವ್ರವಾದ ಬೌದ್ಧಿಕ ಅಂಗವೈಕಲ್ಯ. ಮಗನಿಗೆ ಓದುಬರಹದಲ್ಲಿ ತುಂಬಾ ತೊಂದರೆ. ಅದೇ ಬೀದಿಯ ಹುಡುಗರಿಗೆ ಈ ಮನೆ ಒಂದು ಆಟದ ಸಾಮಾನಾಯಿತು. ಕಲ್ಲು ತೂರುವುದು, ಕಿಟಕಿಗೆ ಮೊಟ್ಟೆ, ಹಿಟ್ಟು ಎಸೆಯುವುದು, ಗೇಟಿನ ಹತ್ತಿರ ನಿಂತು ಹುಡುಗಿಯನ್ನು ಅಣಕಿಸುವುದು. ಒಮ್ಮೆ ಮಗನನ್ನು ಚಾಕು ತೋರಿಸಿ ಶೆಡ್ಡಿನಲ್ಲಿ ಕೂಡಿಹಾಕಿದರು. ಇದು ಒಂದೆರಡು ದಿನದ ಮಾತಲ್ಲ, ವರ್ಷಗಟ್ಟಲೆ ನಡೆಯಿತು.

ತಾಯಿ ಸುಮ್ಮನೆ ಕೂತಿರಲಿಲ್ಲ. ಹತ್ತು ವರ್ಷದಲ್ಲಿ 33 ಸಲ ಪೊಲೀಸರಿಗೆ ಫೋನ್ ಹೋಗಿತ್ತು. ಅದರಲ್ಲಿ 13 ಕರೆ 2007ರಲ್ಲೇ ಹೋದದ್ದು. ತಮ್ಮ ಸಂಸದರಿಗೂ ಹೇಳಿಕೊಂಡಿದ್ದರು. 2007ರ ಅಕ್ಟೋಬರ್ 23ರಂದು ಆಕೆ 18 ವರ್ಷದ ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೆದ್ದಾರಿ ಬದಿಗೆ ಹೋದರು. ಹೊತ್ತಿ ಉರಿದ ಕಾರಿನಲ್ಲಿ ಇಬ್ಬರ ಶವ ಸಿಕ್ಕಿತು. ಬೆಂಕಿ ಹಚ್ಚಿದ್ದು ತಾಯಿಯೇ.

2009ರಲ್ಲಿ ಸಾವಿನ ವಿಚಾರಣೆ ನಡೆಯಿತು. ಸಣ್ಣಪುಟ್ಟ ಪುಂಡಾಟ ನೋಡಿಕೊಳ್ಳುವುದು ಮುಖ್ಯವಾಗಿ ಸ್ಥಳೀಯ ಕೌನ್ಸಿಲ್ಲಿನ ಕೆಲಸ ಎಂದು ಹಿರಿಯ ಪೊಲೀಸ್ ಅಧಿಕಾರಿಯೊಬ್ಬರು ಅಲ್ಲಿ ಹೇಳಿದರು. ಪೊಲೀಸರು ಮತ್ತು ಕೌನ್ಸಿಲ್‌ಗಳು ಸರಿಯಾಗಿ ಸ್ಪಂದಿಸದೇ ಇದ್ದದ್ದೂ ಈ ಸಾವುಗಳಿಗೆ ಒಂದು ಕಾರಣ ಎಂದು ಜ್ಯೂರಿ ತೀರ್ಮಾನಿಸಿತು. ಎರಡು ವರ್ಷದ ನಂತರ ಪೊಲೀಸ್ ದೂರುಗಳ ಸ್ವತಂತ್ರ ಆಯೋಗದ ವರದಿ ಬಂತು. ಅದು ತೋರಿಸಿದ ತಪ್ಪು ಸರಳವಾಗಿತ್ತು. ಪ್ರತಿ ಕರೆಯನ್ನೂ ಬೇರೆ ಬೇರೆ ಘಟನೆ ಎಂದು ಬರೆದುಕೊಂಡಿದ್ದರು. ಇವತ್ತು ಮೊಟ್ಟೆ, ನಾಳೆ ಕಲ್ಲು, ನಾಡಿದ್ದು ಬೈಗುಳ. ಒಂದೊಂದನ್ನೇ ನೋಡಿದರೆ ಯಾವುದೂ ದೊಡ್ಡದಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟು, ‘ಇಡೀ ಬೀದಿಯಲ್ಲಿ ಈ ಮನೆಗೇ ಯಾಕೆ?’ ಎಂದು ಯಾರೂ ಕೇಳಲಿಲ್ಲ.

ಆ ಪ್ರಶ್ನೆಗೆ ಸಿಗುವ ಉತ್ತರವನ್ನೇ ಕಾನೂನು ‘ದ್ವೇಷ ಅಪರಾಧ’ ಎಂದು ಕರೆಯುತ್ತದೆ. ದ್ವೇಷ ಅಪರಾಧ ಅಂದರೆ ಕೊಲೆ, ಕಳವಿನ ಹಾಗೆ ಬೇರೆಯೇ ಒಂದು ಕೃತ್ಯ ಅಲ್ಲ. ಹೊಡೆತ, ಸುಲಿಗೆ, ಬೆದರಿಕೆ ಎಲ್ಲ ಹಳೆಯವೇ. ಅದರ ಹಿಂದೆ ‘ಇವರು ಇಂಥವರು’ ಎನ್ನುವ ತಿರಸ್ಕಾರ ಸೇರಿಕೊಂಡಾಗ ಅದು ದ್ವೇಷ ಅಪರಾಧ. ಶಿಕ್ಷೆ ಯಾಕೆ ಜಾಸ್ತಿ ಇರಬೇಕು ಅಂದರೆ, ಪೆಟ್ಟು ಬೀಳುವುದು ಒಬ್ಬರಿಗಾದರೂ ಹೆದರಿಕೆ ಅವರಂಥ ಎಲ್ಲರಿಗೂ ಮುಟ್ಟುತ್ತದೆ. ಜಾತಿ, ಧರ್ಮ, ಚರ್ಮದ ಬಣ್ಣದ ವಿಷಯದಲ್ಲಿ ಇದು ನಮಗೆ ಬೇಗ ಅರ್ಥವಾಗುತ್ತದೆ. ಬೌದ್ಧಿಕ ಅಂಗವೈಕಲ್ಯದ ವಿಷಯಕ್ಕೆ ಬಂದರೆ ಮಾತ್ರ, ‘ಪಾಪ, ಅವರನ್ನು ಯಾರು ದ್ವೇಷ ಮಾಡ್ತಾರೆ?’ ಅನ್ನುತ್ತೇವೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಲಿ. ಬೌದ್ಧಿಕ ಅಂಗವೈಕಲ್ಯ ಬೇರೆ, ಮಾನಸಿಕ ಕಾಯಿಲೆ ಬೇರೆ. ಮೊದಲನೆಯದು ಚಿಕ್ಕಂದಿನಿಂದಲೇ ಇರುತ್ತದೆ. ಕಲಿಯುವುದು, ಲೆಕ್ಕ ಹಾಕುವುದು, ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು ಇವರಿಗೆ ನಿಧಾನ ಅಥವಾ ಕಷ್ಟ. 2011ರ ಜನಗಣತಿ ಪ್ರಕಾರ ಭಾರತದಲ್ಲಿ ಇಂಥವರು ಸುಮಾರು 15 ಲಕ್ಷ. ಬೀದಿಯಲ್ಲಿ ಕಲ್ಲು ಹೊಡೆಯುವವರಿಗೆ ಈ ವ್ಯತ್ಯಾಸ ಬೇಕಾಗಿಲ್ಲ. ಪೊಲೀಸರಿಗೆ, ಕೋರ್ಟಿಗೆ ಬೇಕು.

ಈಗ ಕಾನೂನಿನ ಒಳಗೆ ಹೋಗೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 146ನೇ ಸೆಕ್ಷನ್ 2005ರಲ್ಲಿ ಜಾರಿಗೆ ಬಂತು. ಈಗ ಅದು 2020ರ ಶಿಕ್ಷಾ ಕಾಯ್ದೆಯ 66ನೇ ಸೆಕ್ಷನ್. ಅಪರಾಧದ ಹೊತ್ತಿನಲ್ಲಿ, ಇಲ್ಲವೇ ಅದರ ಹಿಂದುಮುಂದೆ, ಅಂಗವೈಕಲ್ಯದ ಕಾರಣಕ್ಕೆ ಹಗೆತನ ತೋರಿಸಿದ್ದರೆ ನ್ಯಾಯಾಧೀಶರು ಶಿಕ್ಷೆಯನ್ನು ಹೆಚ್ಚಿಸಲೇಬೇಕು. ಕೃತ್ಯದ ಉದ್ದೇಶವೇ ಅಂಥ ಹಗೆತನವಾಗಿದ್ದರೂ ಅಷ್ಟೇ. ಹಗೆತನ ಅಂದರೆ ಏನು ಎಂದು ಕಾಯ್ದೆ ಹೇಳುವುದಿಲ್ಲ. ಅಲ್ಲಿನ ಸರ್ಕಾರಿ ವಕೀಲರ ಇಲಾಖೆ ದಿನಬಳಕೆಯ ಅರ್ಥವನ್ನೇ ಹಿಡಿಯುತ್ತದೆ. ಕೆಟ್ಟ ಮನಸ್ಸು, ತಿರಸ್ಕಾರ, ಪೂರ್ವಗ್ರಹ, ಇಷ್ಟವಿಲ್ಲದಿರುವುದು ಎಲ್ಲವೂ ಅದರಲ್ಲಿ ಬರುತ್ತದೆ.

ಕಾಗದದ ಮೇಲೆ ಚೆನ್ನಾಗಿದೆ. ಸಮಸ್ಯೆ ಶುರುವಾಗುವುದು ಕೋರ್ಟಿನಲ್ಲಿ. 2007ರಲ್ಲಿ ಸಂಡರ್‌ಲ್ಯಾಂಡ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇದ್ದ 23 ವರ್ಷದ ಯುವಕನೊಬ್ಬನನ್ನು ಮೂವರು ಹುಡುಗರು ಹೊಡೆದು ಕೊಂದರು. ಇವನನ್ನು ಯಾರು ಹೊಡೆದು ಕೆಡವುತ್ತಾರೆ ಎಂದು 5 ಪೌಂಡ್ ಬಾಜಿ ಕಟ್ಟಿದ್ದರು. ಹಾಗಿದ್ದೂ ಶಿಕ್ಷೆ ಕೊಡುವಾಗ ಅದನ್ನು ಅಂಗವೈಕಲ್ಯದ ಮೇಲಿನ ದ್ವೇಷ ಎಂದು ಪರಿಗಣಿಸಲಿಲ್ಲ. 2010ರಲ್ಲಿ ರಗ್ಬಿ ಎಂಬ ಊರಿನಲ್ಲಿ, ತನ್ನ ಸ್ನೇಹಿತರೆಂದೇ ನಂಬಿದ್ದ ಐವರ ಕೈಯಲ್ಲಿ 27 ವರ್ಷದ ಮಹಿಳೆಯೊಬ್ಬರು ಕೊಲೆಯಾದರು. ಅಲ್ಲೂ ಅದೇ ಕಥೆ.

ಹೀಗೆ ಯಾಕೆ ಆಗುತ್ತದೆ? ನನ್ನ ಪ್ರಕಾರ ಇಡೀ ವಿಷಯದ ಗಂಟು ಇರುವುದೇ ಇಲ್ಲಿ. ಆರೋಪಿಯ ವಕೀಲರು ಹೇಳುವುದು ಇಷ್ಟು: ‘ಇವರಿಗೆ ಆತನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಆತ ಸುಲಭಕ್ಕೆ ಸಿಕ್ಕ, ಅಷ್ಟೇ.’ ಕೋರ್ಟುಗಳು ಹಲವು ಸಲ ಈ ಮಾತನ್ನು ಒಪ್ಪಿವೆ. ಸುಲಭಕ್ಕೆ ಸಿಗುವವರು ಎನ್ನುವ ಕಾರಣಕ್ಕೂ ಶಿಕ್ಷೆ ಜಾಸ್ತಿಯಾಗಬಹುದು, ನಿಜ. ಆದರೆ ಆ ಲೆಕ್ಕದಲ್ಲಿ ಅಂಗವೈಕಲ್ಯ ಬಲಿಯಾದವರ ಕೊರತೆಯಾಗಿ ದಾಖಲಾಗುತ್ತದೆ. ಹೊಡೆದವರ ತಿರಸ್ಕಾರ ದಾಖಲೆಗೇ ಬರುವುದಿಲ್ಲ. ಬೀದಿಯಲ್ಲಿ ಸುಲಭಕ್ಕೆ ಸಿಗುವವರು ಎಷ್ಟೋ ಜನ ಇರುತ್ತಾರೆ. ಮುದುಕರು, ಮಕ್ಕಳು, ಕುಡಿದು ಬಿದ್ದವರು. ಅವರನ್ನೆಲ್ಲ ಬಿಟ್ಟು ಈತನನ್ನೇ ಹಿಡಿದು, ನಗುತ್ತಾ, ಗಂಟೆಗಟ್ಟಲೆ ಹಿಂಸೆ ಕೊಡುವುದಕ್ಕೆ ‘ಸುಲಭ’ ಅನ್ನುವುದೊಂದೇ ಕಾರಣವಾಗಲು ಸಾಧ್ಯವಾ? ಈತ ಪೂರ್ತಿ ಮನುಷ್ಯ ಅಲ್ಲ ಎನ್ನುವ ಎಣಿಕೆ ಒಳಗೆ ಇಲ್ಲದೆ ಅಷ್ಟು ಧೈರ್ಯ ಬರುವುದಿಲ್ಲ.

ಸ್ಟೀವನ್ ಹಾಸ್ಕಿನ್ ಪ್ರಕರಣದಲ್ಲಿ ಇದು ಎದ್ದು ಕಾಣುತ್ತದೆ. ಕಾರ್ನ್‌ವಾಲ್‌ನ ಸೇಂಟ್ ಆಸ್ಟೆಲ್ ಊರಿನ ಒಂದು ಕೋಣೆಯ ಮನೆಯಲ್ಲಿ ಅವರಿದ್ದರು. ವಯಸ್ಸು 39. ಓದಲು, ಬರೆಯಲು ಬರುತ್ತಿರಲಿಲ್ಲ. ವಾರಕ್ಕೆ 2 ಗಂಟೆ ಸಮಾಜ ಸೇವಾ ಇಲಾಖೆಯವರು ಬಂದು ನೆರವಾಗುತ್ತಿದ್ದರು. 2005ರಲ್ಲಿ ಹಾಸ್ಕಿನ್ ಅದನ್ನು ಬೇಡ ಅಂದರು. ಅವರ ಇಷ್ಟ ಎಂದು ಇಲಾಖೆ ನಿಲ್ಲಿಸಿಬಿಟ್ಟಿತು. ಬೇಡ ಅಂದದ್ದು ಯಾಕೆ, ಆ ಹೊತ್ತಿಗೆ ಮನೆಯಲ್ಲಿ ಯಾರು ಬಂದು ಸೇರಿಕೊಂಡಿದ್ದಾರೆ ಎಂದು ನೋಡುವವರಿರಲಿಲ್ಲ.

ಬಂದು ಸೇರಿಕೊಂಡದ್ದು ‘ಗೆಳೆಯರು’. ಮನೆ ಅವರದ್ದಾಯಿತು, ಸರ್ಕಾರದಿಂದ ಬರುವ ಹಣವೂ ಅವರದ್ದಾಯಿತು. ಹಾಸ್ಕಿನ್ ತಮ್ಮ ಮನೆಯಲ್ಲೇ ಆಳಾದರು. ಕುತ್ತಿಗೆಗೆ ನಾಯಿಯ ಪಟ್ಟಿ ಹಾಕಿ, ಹಗ್ಗ ಕಟ್ಟಿ ಎಳೆದಾಡಿದರು. ಸಿಗರೇಟಿನಿಂದ ಸುಟ್ಟರು. ಮಾಡದ ತಪ್ಪನ್ನು ಮಾಡಿದ್ದೇನೆ ಎಂದು ಹೊಡೆದು ಒಪ್ಪಿಸಿದರು. 2006ರ ಜುಲೈನಲ್ಲಿ ಒಂದು ರಾತ್ರಿ ರಾಶಿ ಮಾತ್ರೆ ನುಂಗಿಸಿ, ಎತ್ತರದ ರೈಲು ಸೇತುವೆಗೆ ಕರೆದುಕೊಂಡು ಹೋಗಿ, ಕಂಬಿ ದಾಟಿಸಿ ನೇತಾಡುವಂತೆ ಮಾಡಿ, ಹಿಡಿದುಕೊಂಡಿದ್ದ ಕೈಗಳನ್ನು ಬೂಟುಗಾಲಿನಿಂದ ತುಳಿದರು. ಸುಮಾರು 30 ಮೀಟರ್ ಕೆಳಗೆ ಬಿದ್ದು ಅವರು ಸತ್ತರು.

ಸಾವಿನ ಮೇಲೆ ಮಾರ್ಗರೆಟ್ ಫ್ಲಿನ್ ಬರೆದ ಪರಿಶೀಲನಾ ವರದಿ 2007ರ ಕೊನೆಗೆ ಬಂತು. ಪೊಲೀಸರು, ಆಸ್ಪತ್ರೆ, ವಸತಿ ಇಲಾಖೆ, ಸಮಾಜ ಸೇವಾ ಇಲಾಖೆ, ಹೀಗೆ ಹಲವರ ಹತ್ತಿರ ಒಂದೊಂದು ಚೂರು ಮಾಹಿತಿ ಇತ್ತು. ಜೋಡಿಸಿದವರಿಲ್ಲ. ಬಾರ್ವೆಲ್‌ನದ್ದೇ ತಪ್ಪು ಮತ್ತೆ. ಜೊತೆಗೆ ಇನ್ನೊಂದು ಹೊಸ ಪಾಠ ಇತ್ತು. ಇಂಥ ಹಿಂಸೆ ಬಹಳ ಸಲ ಶತ್ರುವಿನ ರೂಪದಲ್ಲಿ ಬರುವುದಿಲ್ಲ, ಗೆಳೆಯನ ರೂಪದಲ್ಲಿ ಬರುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆ ‘ಮೇಟ್ ಕ್ರೈಮ್’ ಅನ್ನುತ್ತಾರೆ. ಜೀವನವಿಡೀ ಯಾರೂ ಮಾತನಾಡಿಸದ ಮನುಷ್ಯನಿಗೆ ಒಬ್ಬ ಬಂದು ‘ಬಾ ಗುರು’ ಅಂದರೆ, ಆ ಒಂದು ಮಾತಿಗೆ ಆತ ಏನನ್ನಾದರೂ ಸಹಿಸಿಕೊಳ್ಳುತ್ತಾನೆ. ದೂರು ಕೊಟ್ಟರೆ ಇದ್ದ ಒಬ್ಬ ಗೆಳೆಯನೂ ಹೋಗುತ್ತಾನಲ್ಲ! ಹಾಗಾಗಿ ‘ನಿನಗೆ ಯಾರಾದರೂ ಹೊಡೆದರಾ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬರುವುದು ಜಾಸ್ತಿ. ಮನೆಗೆ ಹೊಸಬರು ಬಂದು ಠಿಕಾಣಿ ಹೂಡಿದ್ದು, ತಿಂಗಳ ಹಣ ಬಂದ ಎರಡೇ ದಿನಕ್ಕೆ ಖಾಲಿಯಾಗುವುದು, ನೆರವಿಗೆ ಬರುವವರನ್ನು ಇದ್ದಕ್ಕಿದ್ದಂತೆ ಬೇಡ ಅನ್ನುವುದು, ಇವುಗಳೇ ಮಾತನಾಡುತ್ತವೆ.

ಅಮೆರಿಕದ ಕಾನೂನು ಈ ಗಂಟನ್ನು ಇನ್ನೊಂದು ದಿಕ್ಕಿನಿಂದ ಬಿಚ್ಚಲು ನೋಡುತ್ತದೆ. 2009ರ ಕೇಂದ್ರ ಕಾಯ್ದೆ ಅಂಗವೈಕಲ್ಯವನ್ನೂ ದ್ವೇಷ ಅಪರಾಧದ ಪಟ್ಟಿಗೆ ಸೇರಿಸಿತು. ಅದು ಕೇಳುವುದು ‘ಮನಸ್ಸಿನಲ್ಲಿ ಹಗೆ ಇತ್ತಾ?’ ಅಂತ ಅಲ್ಲ. ‘ಅಂಗವೈಕಲ್ಯದ ಕಾರಣಕ್ಕೆ ಇವರನ್ನು ಆರಿಸಿಕೊಂಡರಾ?’ ಅಂತ. ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಎನ್ನುವುದಕ್ಕೆ ಫಿಲಡೆಲ್ಫಿಯಾದ ಒಂದು ಪ್ರಕರಣ ನೋಡಿ. 2011ರ ಅಕ್ಟೋಬರ್‌ನಲ್ಲಿ ಕಟ್ಟಡವೊಂದರ ಮಾಲೀಕ ನೆಲಮಾಳಿಗೆಯಲ್ಲಿ ಏನೋ ಅನುಮಾನ ಬಂದು ಬಾಗಿಲು ತೆರೆಸಿದ. ಬಾಯ್ಲರ್ ಕೋಣೆಯಲ್ಲಿ ನಾಲ್ಕು ಜನ ಬೌದ್ಧಿಕ ಅಂಗವಿಕಲರು ಬಂದಿಯಾಗಿದ್ದರು. ಒಬ್ಬರನ್ನು ಸರಪಳಿಯಿಂದ ಕಟ್ಟಿಹಾಕಿದ್ದರು. ಒಬ್ಬ ಮಹಿಳೆ ಮತ್ತು ಅವಳ ಗುಂಪು ವರ್ಷಗಟ್ಟಲೆ ಇಂಥವರನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುತ್ತಾ, ಅವರಿಗೆ ಬರುವ ಸರ್ಕಾರಿ ಹಣವನ್ನು ನುಂಗುತ್ತಿತ್ತು. ಇಬ್ಬರು ಸತ್ತೇ ಹೋಗಿದ್ದರು.

ಇದು ಹಣಕ್ಕಾಗಿ ಮಾಡಿದ್ದು, ದ್ವೇಷ ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ಇಂಗ್ಲೆಂಡಿನ ಕೋರ್ಟಿನಲ್ಲಿ ಈ ವಾದಕ್ಕೆ ಬೆಲೆ ಬರುತ್ತಿತ್ತೋ ಏನೋ. ಅಮೆರಿಕದ ಸರ್ಕಾರಿ ವಕೀಲರು 2013ರಲ್ಲಿ ದ್ವೇಷ ಅಪರಾಧದ ಆರೋಪವನ್ನೇ ಹೊರಿಸಿದರು. ಆ ಕಾಯ್ದೆಯನ್ನು ಅಂಗವಿಕಲರ ಪರವಾಗಿ ಬಳಸಿದ್ದು ಅದೇ ಮೊದಲು. 2015ರಲ್ಲಿ ಮುಖ್ಯ ಆರೋಪಿಗೆ ಜೀವಾವಧಿ, ಅದರ ಮೇಲೆ 80 ವರ್ಷ ಶಿಕ್ಷೆಯಾಯಿತು. ಹಣದಾಸೆಯೂ ತಿರಸ್ಕಾರವೂ ಒಟ್ಟಿಗೆ ಇರಬಹುದು ಎಂಬ ಸರಳ ಸತ್ಯವನ್ನು ಕೋರ್ಟಿನಲ್ಲಿ ನಿಲ್ಲಿಸಲು ಇಷ್ಟು ಕಾಲ ಬೇಕಾಯಿತು.

ಮುಚ್ಚುಮರೆ ಇಲ್ಲದ ದ್ವೇಷವೂ ಇದೆ. ಜಪಾನಿನ ಸಗಾಮಿಹಾರಾ ನಗರದ ಬೌದ್ಧಿಕ ಅಂಗವಿಕಲರ ಆರೈಕೆ ಕೇಂದ್ರಕ್ಕೆ 2016ರ ಜುಲೈ 26ರ ನಸುಕಿನಲ್ಲಿ ಅಲ್ಲೇ ಮೊದಲು ಕೆಲಸ ಮಾಡುತ್ತಿದ್ದವನೊಬ್ಬ ನುಗ್ಗಿ 19 ಜನರನ್ನು ಚಾಕುವಿನಿಂದ ಇರಿದು ಕೊಂದ. 26 ಜನರಿಗೆ ಗಾಯವಾಯಿತು. ‘ಇವರಿಗೆ ಮಾತು ಬರುತ್ತಾ?’ ಎಂದು ರಾತ್ರಿ ಪಾಳಿಯ ಸಿಬ್ಬಂದಿಯನ್ನು ಕೇಳಿ ಕೇಳಿ, ಮಾತು ಬಾರದವರನ್ನು ಆರಿಸಿ ಇರಿದಿದ್ದ. ಐದು ತಿಂಗಳ ಮುಂಚೆಯೇ ಸಂಸತ್ತಿನ ಸ್ಪೀಕರ್‌ಗೆ ಪತ್ರ ಕೊಟ್ಟು, ಇಂಥವರನ್ನು ಕೊಲ್ಲಬೇಕು ಎಂದು ಬರೆದಿದ್ದ. 2020ರ ಮಾರ್ಚ್‌ನಲ್ಲಿ ಅವನಿಗೆ ಕೋರ್ಟು ಮರಣದಂಡನೆ ವಿಧಿಸಿತು.

ನನಗೆ ಈ ಪ್ರಕರಣದಲ್ಲಿ ಹೆಚ್ಚು ಕಾಡುವುದು ಕೊಲೆಗಾರನಲ್ಲ. ಸತ್ತವರ ಹೆಸರನ್ನು ಪೊಲೀಸರು ಹೊರಗೆ ಬಿಡಲೇ ಇಲ್ಲ. ಮನೆಯವರಿಗೆ ಇಷ್ಟವಿಲ್ಲ ಎಂದರು. ಮನೆಯಲ್ಲಿ ಇಂಥ ಮಗು ಇದೆ ಎಂದು ನೆಂಟರಿಗೂ ಗೊತ್ತಾಗಬಾರದು ಎನ್ನುವ ಹೆದರಿಕೆ ನಮಗೇನೂ ಹೊಸದಲ್ಲ. ಕೋರ್ಟಿನಲ್ಲೂ ಅಕ್ಷರಗಳಿಂದಲೇ ಅವರನ್ನು ಗುರುತಿಸಿದರು. ವಿಚಾರಣೆ ಶುರುವಾಗುವ ಹೊತ್ತಿಗೆ ಒಬ್ಬ ತಾಯಿ ಮುಂದೆ ಬಂದು ಮಗಳ ಹೆಸರು ಹೇಳಿದರು. ಅದೇ ಜಪಾನಿನಲ್ಲಿ 1948ರಿಂದ 1996ರವರೆಗೆ ಅಂಗವಿಕಲರಿಗೆ ಬಲವಂತವಾಗಿ ಸಂತಾನಹರಣ ಮಾಡಲು ಅವಕಾಶ ಕೊಡುವ ಕಾಯ್ದೆಯೇ ಇತ್ತು. ಅದು ಸಂವಿಧಾನಕ್ಕೆ ವಿರುದ್ಧ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜುಲೈನಲ್ಲಿ. ಸರ್ಕಾರವೇ ಐವತ್ತು ವರ್ಷ ಹೇಳಿಕೊಂಡು ಬಂದದ್ದನ್ನು ಒಬ್ಬ ಹುಚ್ಚು ಧೈರ್ಯದವನು ಚಾಕು ಹಿಡಿದು ಹೇಳಿದ ಅಂದರೆ ತಪ್ಪಾಗುತ್ತದಾ?

ಇನ್ನು ನಮ್ಮ ಕಡೆಗೆ ಬರೋಣ. ಅಂಗವಿಕಲರ ಮೇಲಿನ ದ್ವೇಷ ಅಪರಾಧ ಎಂದೇ ಹೆಸರಿಟ್ಟ ಕಾಯ್ದೆ ದೇಶಮಟ್ಟದಲ್ಲಿ ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 103(2) ಗುಂಪು ಹತ್ಯೆಯನ್ನು ಪ್ರತ್ಯೇಕ ಅಪರಾಧ ಮಾಡಿದೆ. ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಎಲ್ಲ ಪಟ್ಟಿಯಲ್ಲಿವೆ. ಅಂಗವೈಕಲ್ಯ ಇಲ್ಲ. ‘ಅಂಥದ್ದೇ ಬೇರೆ ಕಾರಣ’ ಎಂಬ ಪದಗಳಲ್ಲಿ ತುರುಕಬೇಕು, ಅಷ್ಟೇ. 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಬಂದ ಕರ್ನಾಟಕದ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ಮಸೂದೆಯ ಪಟ್ಟಿಯಲ್ಲಿ ಅಂಗವೈಕಲ್ಯ ಇದೆ. ಸದನದ ಒಳಗೂ ಹೊರಗೂ ಜಗಳ ನಡೆದದ್ದು ಧರ್ಮ ಮತ್ತು ಭಾಷಣದ ಸುತ್ತ. ಪಟ್ಟಿಯ ಈ ಒಂದು ಪದದ ಮೇಲೆ ಹೆಚ್ಚು ಜನರ ಕಣ್ಣು ಬಿದ್ದಂತೆ ಕಾಣಲಿಲ್ಲ.

ಪಟ್ಟಿಯಲ್ಲಿ ಆ ಪದ ಯಾಕೆ ಬೇಕು ಎಂದು ಕೇಳುವವರು 2022ರ ಮೇ ತಿಂಗಳನ್ನು ನೆನಪಿಸಿಕೊಳ್ಳಲಿ. ಮಧ್ಯಪ್ರದೇಶದ ನೀಮಚ್ ಜಿಲ್ಲೆಯ ಮನಾಸಾದಲ್ಲಿ 65 ವರ್ಷದ ವೃದ್ಧರೊಬ್ಬರನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಒಬ್ಬ ಕೆನ್ನೆಗೆ ಹೊಡೆಯುತ್ತಾ, ನಿನ್ನ ಹೆಸರು ಮೊಹಮ್ಮದ್ ತಾನೇ, ಆಧಾರ್ ತೋರಿಸು ಎಂದು ಕೇಳುವ ವಿಡಿಯೋ ಹರಿದಾಡಿತು. ಮನೆಯವರ ಕೈತಪ್ಪಿ ಕಳೆದುಹೋಗಿದ್ದ ಅವರಿಗೆ ಬೌದ್ಧಿಕ ತೊಂದರೆ ಇತ್ತು. ನೆಟ್ಟಗೆ ಉತ್ತರ ಹೇಳಲು ಆಗಲಿಲ್ಲ. ಅವರು ಸತ್ತರು. ಮುಸ್ಲಿಂ ಎಂಬ ಅನುಮಾನದಿಂದ ಶುರುವಾದ ಹೊಡೆತ ಅದು, ಜೈನ ಮನೆತನದವರ ಮೇಲೆ ಬಿತ್ತು. ಉತ್ತರ ಹೇಳಲು ಬಾರದೇ ಇರುವುದನ್ನೇ ತಪ್ಪೊಪ್ಪಿಗೆ ಎಂದು ಹೊಡೆದವನು ಓದಿಕೊಂಡ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ಹರಡಿದಾಗಲೂ, ಊರಿಗೆ ಅಲೆದು ಬಂದು ಹೆಸರು ಹೇಳಲಾರದೆ ತಬ್ಬಿಬ್ಬಾದವರು ಏಟು ತಿನ್ನುವುದು ಇದೇ ಕಾರಣಕ್ಕೆ.

ಕೈಯಲ್ಲಿರುವ ಕಾಯ್ದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರ 92ನೇ ಸೆಕ್ಷನ್ ಅನ್ನು ಒಮ್ಮೆ ಓದಬೇಕು. ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಗವಿಕಲರನ್ನು ಅವಮಾನ ಮಾಡಬೇಕೆಂದೇ ಬೈಯುವುದು, ಬೆದರಿಸುವುದು ಅಪರಾಧ. ನೋಡಿಕೊಳ್ಳುವ ಜವಾಬ್ದಾರಿ ಇದ್ದವರು ಬೇಕೆಂದೇ ಊಟ, ನೀರು ಕೊಡದಿರುವುದು ಅಪರಾಧ. ಶಿಕ್ಷೆ ಕನಿಷ್ಠ 6 ತಿಂಗಳು, ಗರಿಷ್ಠ 5 ವರ್ಷ, ಜೊತೆಗೆ ದಂಡ. ಬಸ್‌ಸ್ಟ್ಯಾಂಡಿನ ಟೀ ಅಂಗಡಿ ಮುಂದೆ ಒಬ್ಬರಿಗೆ ಬೀಡಿ ಆಸೆ ತೋರಿಸಿ ಕುಣಿಸಿ, ಸುತ್ತ ನಿಂತವರು ಕೇಕೆ ಹಾಕಿ, ಅದನ್ನೇ ರೀಲ್ಸ್ ಮಾಡಿ ಹಾಕುತ್ತಾರಲ್ಲ, ಅದು ಬಹುಮಟ್ಟಿಗೆ ಈ ಸೆಕ್ಷನ್ನಿನ ಒಳಗೇ ಬರುತ್ತದೆ. ‘ಸುಮ್ನೆ ತಮಾಷೆಗೆ ಸಾರ್, ಅವನಿಗೂ ಖುಷಿ’ ಎನ್ನುವ ಮಾತು ಅಲ್ಲೂ ಇರುತ್ತದೆ. ಅವಮಾನ ಮಾಡುವ ಉದ್ದೇಶ ಇತ್ತು ಎಂದು ಸಾಬೀತು ಮಾಡುವ ಹೊರೆ ಮತ್ತೆ ದೂರು ಕೊಟ್ಟವರ ಕಡೆಯ ಮೇಲೆ ಬೀಳುತ್ತದೆ.

ಈ ಹೊರೆಯನ್ನು ಇಳಿಸುವ ದಾರಿ ನಮ್ಮಲ್ಲೇ ಇದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 3(2)(v)ರಲ್ಲಿ ಮೊದಲು, ‘ಆ ಜಾತಿಯವರು ಎಂಬ ಕಾರಣಕ್ಕೆ’ ಅಪರಾಧ ನಡೆದಿರಬೇಕು ಎಂದಿತ್ತು. ಆ ಕಾರಣ ಸಾಬೀತಾಗಲಿಲ್ಲ ಎಂದು ಎಷ್ಟೋ ಪ್ರಕರಣ ಬಿದ್ದುಹೋದವು. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿ ಅದನ್ನು, ‘ಆ ಜಾತಿಯವರು ಎಂದು ಗೊತ್ತಿದ್ದೂ’ ಎಂದು ಬದಲಿಸಿತು. ಆರೋಪಿಯ ಎದೆ ಬಗೆದು ದ್ವೇಷ ಹುಡುಕುವ ಕೆಲಸ ತಪ್ಪಿತು. ಅಂಗವೈಕಲ್ಯಕ್ಕೂ ಇದೇ ಅಳತೆ ಬಂದರೆ, ‘ಸುಲಭಕ್ಕೆ ಸಿಕ್ಕ, ಅಷ್ಟೇ’ ಎನ್ನುವ ವಾದ ನಿಲ್ಲುವುದು ಕಷ್ಟ.

ಇನ್ನೊಂದು ದೊಡ್ಡ ಅಡ್ಡಿ ಸಾಕ್ಷ್ಯದ್ದು. ‘ಅವನ ಮಾತು ಕೋರ್ಟಿನಲ್ಲಿ ನಿಲ್ಲಲ್ಲ’ ಎಂದು ಠಾಣೆಯಲ್ಲೇ ವಾಪಸ್ ಕಳಿಸುವುದಿದೆ. ಕಾನೂನು ಹಾಗೆ ಹೇಳುವುದಿಲ್ಲ. ಪ್ರಶ್ನೆ ಅರ್ಥ ಮಾಡಿಕೊಂಡು ಉತ್ತರ ಕೊಡಬಲ್ಲ ಯಾರೇ ಆದರೂ ಸಾಕ್ಷಿ. ಅಂಗವಿಕಲರ ಸಾಕ್ಷ್ಯವನ್ನು ಕಡಿಮೆ ತೂಕದ್ದು ಎಂದು ನೋಡಬಾರದು ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ, ಆಂಧ್ರದ ಒಬ್ಬ ಅಂಧ ದಲಿತ ಯುವತಿಯ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಲೈಂಗಿಕ ಅಪರಾಧವಾದರೆ ಅಂಗವಿಕಲರ ಹೇಳಿಕೆಯನ್ನು ಅವರ ಮನೆಯಲ್ಲೇ ಇಲ್ಲವೇ ಅವರು ಆರಿಸಿಕೊಂಡ ಜಾಗದಲ್ಲಿ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಎದುರು, ವಿಡಿಯೋ ಮಾಡಿ ಬರೆದುಕೊಳ್ಳಬೇಕು ಎಂಬ ನಿಯಮವೂ ಇದೆ. ಬೀದಿಯಲ್ಲಿ ಏಟು ತಿಂದವರಿಗೆ, ಮಾಸಾಶನದ ಹಣ ಕಳೆದುಕೊಂಡವರಿಗೆ ಆ ಪೂರ್ತಿ ಸೌಲಭ್ಯ ಇಲ್ಲ. ಯಾಕೆ ಇರಬಾರದು ಎನ್ನುವುದಕ್ಕೆ ನನಗಂತೂ ಒಂದು ಒಳ್ಳೆಯ ಕಾರಣ ಹೊಳೆಯುವುದಿಲ್ಲ.

ಹಾಗಂತ ಪೊಲೀಸ್ ಠಾಣೆಯೊಂದೇ ಬಾಗಿಲಲ್ಲ. 2016ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಅಂಗವಿಕಲರ ಮೇಲೆ ಹಿಂಸೆ, ಶೋಷಣೆ ನಡೆದಿದೆ, ನಡೆಯುತ್ತಿದೆ, ಇಲ್ಲವೇ ನಡೆಯುವ ಹಾಗೆ ಕಾಣುತ್ತಿದೆ ಎಂದು ನಂಬಲು ಕಾರಣ ಇರುವ ಯಾರು ಬೇಕಾದರೂ ಆ ಭಾಗದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಡಬಹುದು. ನಮ್ಮ ತಾಲ್ಲೂಕುಗಳಲ್ಲಿ ಅದು ತಹಶೀಲ್ದಾರರು. ಮನೆಯವರೇ ಕೊಡಬೇಕು ಎಂದೇನಿಲ್ಲ. ಪಕ್ಕದ ಮನೆಯವರು, ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತ, ಯಾರಾದರೂ ಸರಿ. ಮ್ಯಾಜಿಸ್ಟ್ರೇಟರು ಆ ವ್ಯಕ್ತಿಯನ್ನು ಅಲ್ಲಿಂದ ಬಿಡಿಸಲು, ರಕ್ಷಣೆಯಲ್ಲಿ ಇರಿಸಲು, ಜೀವನಾಂಶ ಕೊಡಿಸಲು ಆದೇಶ ಮಾಡಬಹುದು. ಅರ್ಜಿ ಬರೆಯುವಾಗ ಕೊನೆಯ ಘಟನೆಯೊಂದನ್ನೇ ಬರೆದು ಬಿಡಬೇಡಿ. ಹಿಂದಿನ ತಿಂಗಳು ಆದದ್ದು, ಅದರ ಹಿಂದಿನ ವರ್ಷ ಆದದ್ದು, ಯಾರು ಏನಂತ ಕೂಗಿದರು ಎಂಬುದು, ಎಲ್ಲವನ್ನೂ ತಾರೀಖಿನ ಸಮೇತ ಒಂದೇ ಅರ್ಜಿಯಲ್ಲಿ ಸೇರಿಸಿ.